‘ಕಾಂಟೆಂಪರರಿ’ ಅಂದರೆ ಆಗಿನದೋ, ಈಗಿನದೋ?

ರಾಯಚೂರಿನಲ್ಲಿ ಪದವಿ ಮಕ್ಕಳಿಗೆ ಅನುವಾದದ ಪಾಠ ಮಾಡುವಾಗ ಎದ್ದ ಪ್ರಶ್ನೆ, ಬಲ್ಲವರು ಚರ್ಚಿಸಬೇಕು. 1520ರ ರಾಯಚೂರು ಯುದ್ಧದ ಬಗ್ಗೆ ಇಂಗ್ಲಿಷಿನ ಒಂದು ಪ್ಯಾರಾದಲ್ಲಿ ‘ಕಾಂಟೆಂಪರರಿ ಅಕೌಂಟ್ಸ್’ ಎಂದಿತ್ತು. ಕೆಲವರು ‘ಸಮಕಾಲೀನ ಬರಹಗಳು’ ಎಂದು ಬರೆದರು, ಕೆಲವರು ‘ಇತ್ತೀಚಿನ ಬರಹಗಳು’ ಎಂದು. ಎರಡನೆಯದು ತಪ್ಪು ಅಂದೆ. ಒಬ್ಬಳು ಬಿಡಲಿಲ್ಲ: “ಸಮಕಾಲೀನ ಅಂದ್ರೂ ಈಗಿಂದ ಅಲ್ಲೇನ್ರಿ ಸರ್? ಸಮಕಾಲೀನ ಕಥೆಗಳು ಅಂತಾರಲ್ರಿ?”

ಅವಳು ಹಿಡಿದದ್ದು ಸರಿಯಾದ ಎಳೆಯನ್ನೇ. ಲ್ಯಾಟಿನ್ನಿನಲ್ಲಿ ‘ಟೆಂಪಸ್’ ಎಂದರೆ ಕಾಲ, ಅದಕ್ಕೆ ‘ಜೊತೆ’ ಎಂಬರ್ಥದ ‘ಕಾನ್’ ಸೇರಿದೆ. 17ನೆಯ ಶತಮಾನದ ಇಂಗ್ಲಿಷಿನಲ್ಲಿ ಈ ಪದಕ್ಕೆ ‘ಒಂದೇ ಕಾಲದ’ ಎಂದಷ್ಟೇ ಅರ್ಥ. ‘ಈಗಿನ ಕಾಲದ’ ಎಂಬುದು 19ನೆಯ ಶತಮಾನದಲ್ಲಿ ಬೆಳೆದದ್ದು. ಯಾರ ಕಾಲದ ಎಂದು ಹೇಳದೆ ಬಿಟ್ಟಾಗ ‘ನಮ್ಮ ಕಾಲದ’ ಎಂದು ಓದಿಕೊಳ್ಳುತ್ತೇವೆ, ಅಷ್ಟೇ. ಹಳೆಯ ಸಂಗತಿ ಹೇಳುವಾಗಲೂ ಹಾಗೇ ಓದಿಕೊಂಡರೆ ಎಡವಟ್ಟು.

ಸಂಸ್ಕೃತದಿಂದ ಬಂದ ನಮ್ಮ ‘ಸಮಕಾಲೀನ’ವೂ ‘ಒಂದೇ ಕಾಲದ’ ಎಂದೇ ಹೇಳುತ್ತದೆ. ವ್ಯಕ್ತಿಗಳ ವಿಷಯದಲ್ಲಿ ಗೊಂದಲವೇ ಇಲ್ಲ. ಚೀಕಲಪರ್ವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಸಮಕಾಲೀನರು. ಪುರಂದರದಾಸರು ವಿಜಯದಾಸರಿಗೆ ಕನಸಿನಲ್ಲಿ ಅಂಕಿತ ಕೊಟ್ಟರೆಂಬ ಪ್ರತೀತಿ ಇದ್ದರೂ ಅವರಿಬ್ಬರನ್ನು ಹಾಗೆನ್ನಲಾಗದು, ನಡುವೆ ಶತಮಾನಕ್ಕೂ ಹೆಚ್ಚಿನ ಅಂತರ. (ಕನಸಿನ ಭೇಟಿ ಲೆಕ್ಕಕ್ಕಿಲ್ಲ!) ‘ಸಮಕಾಲೀನ ಸಾಹಿತ್ಯ’, ‘ಸಮಕಾಲೀನ ಕಲೆ’ ಎನ್ನುವಾಗಿನ ಅರ್ಥ ಮಾತ್ರ ಇಂಗ್ಲಿಷಿನ ಬೆನ್ನು ಹತ್ತಿ ಬಂದಿರಬೇಕೆಂದು ನನ್ನ ಊಹೆ.

ಇದರ ನೆರೆಹೊರೆಯ ಪದಗಳು ಇಷ್ಟು ಕಾಡುವುದಿಲ್ಲ. ‘ಕರೆಂಟ್ ಅಫೇರ್ಸ್’ ಸ್ಪರ್ಧಾತ್ಮಕ ಪರೀಕ್ಷೆಯವರ ಬಾಯಲ್ಲಿ ‘ಪ್ರಚಲಿತ ವಿದ್ಯಮಾನ’, ಬ್ಯಾಂಕಿನ ‘ಕರೆಂಟ್ ಅಕೌಂಟ್’ ಚಾಲ್ತಿ ಖಾತೆ, ಈಗಿನ ಶಾಸಕ ‘ಹಾಲಿ’. ‘ಮಾಡರ್ನ್’ಗೆ ‘ಆಧುನಿಕ’ ಇದೆ. ಆದರೆ ಅದು ಹಳೆಯದನ್ನು ಮುರಿದು ಬಂದ ರೀತಿಯನ್ನೂ ಸೂಚಿಸುತ್ತದೆ. ನೂರು ವರ್ಷದ ಹಿಂದಿನ ಚಿತ್ರವೂ ಆಧುನಿಕ ಕಲೆಯಾಗಬಹುದು, ನಮ್ಮ ಮಟ್ಟಿಗೆ ಸಮಕಾಲೀನ ಆಗದು. ಹತ್ತಿಯ ಇವತ್ತಿನ ರೇಟಿಗೆ ಇಂಗ್ಲಿಷಿನಲ್ಲೂ ‘ಕಾಂಟೆಂಪರರಿ’ ಒಪ್ಪುವುದಿಲ್ಲ, ಅಲ್ಲಿ ‘ಕರೆಂಟ್’ ಬೇಕು. ದಿನ ದಿನಕ್ಕೆ ಬದಲಾಗುವುದು ‘ಕರೆಂಟ್’. ಒಂದು ಕಾಲಘಟ್ಟದ ಚಹರೆ ಇದ್ದರೆ ‘ಕಾಂಟೆಂಪರರಿ’.

ಮತ್ತೆ ಯುದ್ಧಕ್ಕೆ ಬರುತ್ತೇನೆ. ರಾಯಚೂರಿನ ಮುತ್ತಿಗೆಯನ್ನು ವಿಸ್ತಾರವಾಗಿ ಬರೆದ ಪೋರ್ಚುಗೀಸ್ ನೂನಿಜ್ ವಿಜಯನಗರಕ್ಕೆ ಬಂದದ್ದು ಸುಮಾರು 1535ರಲ್ಲಿ, ಅಚ್ಯುತರಾಯನ ಕಾಲಕ್ಕೆ. ಅದು ‘ಕಾಂಟೆಂಪರರಿ’ ಬರಹವೇ? ಕಾಳಗ ಕಂಡವರು ಇನ್ನೂ ಬದುಕಿದ್ದ ಕಾಲವಾದ್ದರಿಂದ ಹೌದೆನ್ನಬಹುದು. ಆದರೆ ಅದನ್ನು ‘ಪ್ರತ್ಯಕ್ಷದರ್ಶಿಯ ಬರಹ’ ಎಂದು ಅನುವಾದಿಸಿದರೆ ಹೆಚ್ಚು ಹೇಳಿದಂತಾಗುತ್ತದೆ. ತರಗತಿಯಲ್ಲಿ ನಾನು ಒಪ್ಪಿದ್ದು ‘ಆ ಕಾಲದವರ ಬರಹಗಳು’. ‘ಸಮಕಾಲೀನ’ ತಪ್ಪಲ್ಲ, ಓದುವವರಿಗೆ ಎರಡು ಕಡೆ ಕೈ ತೋರಿಸುತ್ತದೆ.

‘ಈಗಿನ’ ಎಂಬ ಅರ್ಥದಲ್ಲಿ ‘ಸಮಕಾಲೀನ’ ಬಳಕೆಯಾದ ಹಳೆಯ ಕನ್ನಡ ಗದ್ಯ, ಪತ್ರಿಕೆ ಯಾರಾದರೂ ನೋಡಿದ್ದರೆ ವರ್ಷ ಮತ್ತು ಸಾಲಿನ ಸಮೇತ ತಿಳಿಸಿ.