ಪೆಟ್ರೋಲ್ ಕಾರಿನ ಕಾಲ ಮುಗೀತಾ? ಇವಿ (ಕರೆಂಟ್ ಕಾರು) ತಗೊಂಡೋರು, ಮಾರಿದೋರು ಅನುಭವ ಹೇಳ್ರಿ

ಕಿನ್ನಾಳ ಗೊಂಬೆ (ಕೊಪ್ಪಳ)
ಹತ್ತು ವರ್ಷದ ಪೆಟ್ರೋಲ್ ಗಾಡಿ ಬದಲಿಸಬೇಕಾಗೇತಿ. ದಿನಾ ಹೊಸಪೇಟೆಗೆ ಹೋಗಿ ಬರೋದು 68 ಕಿ.ಮೀ., ತಿಂಗಳಿಗೆ 26 ದಿನ. ಈಗ ಮತ್ತ ಪೆಟ್ರೋಲ್ ತಗೊಂಡ್ರ ಎಂಟು ವರ್ಷಕ್ಕ ಕೇಳೋರೇ ಇಲ್ಲದಂಗ ಆಗ್ತೈತೇನು? ಸ್ವಂತ ಮನಿ, ಅಂಗಳದಾಗ ನಿಲ್ಲಿಸ್ತೀನಿ.

ಎರಿ ಹೊಲ (ಗಂಗಾವತಿ)
ತಿಂಗಳಿಗೆ 1,768 ಕಿ.ಮೀ. ಆತು. ಇವಿಗೆ ಗ್ವಾಡಿ ಸಾಕೆಟ್‌ನಿಂದ ಅಳದ್ರ ಯೂನಿಟ್‌ಗೆ ಆರೂವರಿ ಕಿ.ಮೀ. ಹಿಡೀರಿ. ಡ್ಯಾಶ್‌ಬೋರ್ಡ್ ಏಳೂವರಿ ತೋರಸ್ತೈತಿ, ನಂಬಬ್ಯಾಡ್ರಿ. ಚಾರ್ಜ್ ಆಗೋವಾಗ ಬಿಸಿಯಾಗಿ ಹೋಗೋ ಶೇ 10-12ರದ್ದೂ ಬಿಲ್ ಕಟ್ಟೋರು ನೀವ. 272 ಯೂನಿಟ್, 7 ರೂಪಾಯಿಯಂಗ 1,904. ಪೆಟ್ರೋಲ್ ಗಾಡಿ ಲೀಟರ್‌ಗೆ 16 ಕಿ.ಮೀ. ಕೊಟ್ರ 110 ಲೀಟರ್, 104ರಂಗ 11,440. ನಂದು ನಾಲ್ಕನೇ ವರ್ಷ, ಹಳಹಳಿ ಇಲ್ಲ.

ಕಾರು ನೋಡಾಕ ಹೋಗೂಕಿಂತ ಮುಂಚೆ ಅರ್ಥಿಂಗ್ ನೋಡ್ರಿ. ಮಲ್ಟಿಮೀಟರ್‌ನಾಗ ಫೇಸ್-ನ್ಯೂಟ್ರಲ್ 230 ಆಸುಪಾಸು, ಫೇಸ್-ಅರ್ಥ್ ಹೆಚ್ಚೂಕಡಿಮಿ ಅಷ್ಟ, ನ್ಯೂಟ್ರಲ್-ಅರ್ಥ್ 2-3 ವೋಲ್ಟ್ ಒಳಗ ಇರಬೇಕು. ಗೀಸರ್ ಹಚ್ಚಿ ಅಳೀರಿ, ಖಾಲಿ ಲೈನ್ ಸುಳ್ಳು ಹೇಳ್ತೈತಿ. ಜಾಸ್ತಿ ಇತ್ತಂದ್ರ ಚಾರ್ಜರ್ ಕೆಂಪು ದೀಪ ಹಾಕ್ಕೊಂಡು ಕುಂದರ್ತೈತಿ. ಎರಿ ಭೂಮಿ ಬ್ಯಾಸಿಗಿಗೆ ಬಿರಿದು ಅರ್ಥಿಂಗ್ ಪೈಪಿನಿಂದ ಬೆರಳಗಲ ದೂರ ಸರೀತೈತಿ, ಜನವರಿಯಾಗ ಪಾಸಾದದ್ದು ಮೇ ತಿಂಗಳದಾಗ ಫೇಲ್. ಅರ್ಥಿಂಗ್‌ಗೆ 8 ಅಡಿ ಗುಂಡಿ, ನಡುವ ಜಿಐ (ಸತು ಬಳಿದ ಕಬ್ಬಿಣ) ಪೈಪ್, ಸುತ್ತ ಇದ್ದಲಿ-ಉಪ್ಪು ಪದರ ಪದರ, ವಾರಕ್ಕ ಎರಡು ಕೊಡ ನೀರು.

ಮೀಟರ್ ಬೋರ್ಡ್‌ನಿಂದ ಬ್ಯಾರೆ ವಯರ್ ಎಳೀರಿ: 15 ಆಂಪ್ ಸಾಕೆಟ್‌ಗೆ 4 ಚದರ ಮಿ.ಮೀ. ತಾಮ್ರ, 20 ಆಂಪ್ ಎಂಸಿಬಿ (ಲೋಡ್ ಜಾಸ್ತಿಯಾದ್ರ ಬೀಳೋ ಸ್ವಿಚ್), 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಬೀಳೋ ಸ್ವಿಚ್). 7.2 ಕಿಲೋವ್ಯಾಟ್ ಚಾರ್ಜರ್ ಅಂದ್ರ 6 ಚದರ, 40 ಆಂಪ್, ಮ್ಯಾಲೆ ಜೆಸ್ಕಾಂ (ಕರೆಂಟ್ ಕಂಪನಿ) ಆಫೀಸಿನಾಗ ಲೋಡ್ ಏರಿಸಬೇಕು. ಹಳೇ ಸಾಕೆಟ್‌ಗೆ ಹಚ್ಚಿದ್ರ ರಾತ್ರಿ ಪೂರ್ತಿ 15 ಆಂಪ್ ಹರಿದು ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ನಿಗೆ ಅಂಟ್ಕೊಂತೈತಿ.

ಗಣಿಧೂಳು (ಸಂಡೂರು)
ಉಳಿಸಿದ್ದು ಹೇಳ್ತಾರೆ, ಗಾಡಿ ತಳದ ಸುದ್ದಿ ಎತ್ತಂಗಿಲ್ಲ. ಬ್ಯಾಟರಿ ಇರೋದೇ ನೆಲಕ್ಕೆ ಮೈಯೊಡ್ಡಿ. ಟಿಪ್ಪರ್‌ನಿಂದ ಬಿದ್ದ ಅದಿರಿನ ಕಲ್ಲು ಒಂದು ತಾಗಿ ಕೇಸಿಂಗ್ ನೆಗ್ಗಿತು. ಕೇಸಿಂಗ್ ಒಂದೇ ಸಿಗಲ್ಲ, ಇಡೀ ಪ್ಯಾಕ್ ಬದಲಿಸಬೇಕು ಅಂತ ಎಸ್ಟಿಮೇಟ್ ಕೊಟ್ರು: 5 ಲಕ್ಷ 40 ಸಾವಿರ. ವಾರಂಟಿ 8 ವರ್ಷ, 1,60,000 ಕಿ.ಮೀ. ಅಂತ ಬರೆದಿರ್ತಾರೆ, ಹೊರಗಿನ ಪೆಟ್ಟಿಗೆ ಅದು ಬರಲ್ಲ. ವಿಮೆಯೋರು ಬ್ಯಾಟರಿ ಆಡ್-ಆನ್ (ಹೆಚ್ಚಿನ ದುಡ್ಡು ಕಟ್ಟಿ ತಗೊಳ್ಳೋ ವಿಮೆ) ಇಲ್ಲ ಅಂತ ಸವಕಳಿ ಮುರ್ಕೊಂಡ್ರು.

ಚಾರ್ಜಿಂಗ್ ಮುಚ್ಚಳ ತೆಗೆದ್ರೆ ಕುಂಕುಮದಂಥ ಧೂಳು. ಬ್ಲೋವರ್ ಹಿಡೀದೆ ಚಾರ್ಜಿಂಗ್ ಗನ್ ಚುಚ್ಚಿದ್ರೆ ಪಿನ್ ಬಿಸಿಯಾಗಿ ಚಾರ್ಜ್ ಅರ್ಧಕ್ಕೇ ನಿಲ್ತೈತೆ. ಬಳ್ಳಾರಿ-ಬೆಂಗಳೂರು 310 ಕಿ.ಮೀ.; 30 ಯೂನಿಟ್ ಬ್ಯಾಟರಿ ಹೈವೇನಲ್ಲಿ 100ರ ಮೇಲೆ ಓಡಿಸಿದ್ರೆ 180ಕ್ಕೇ ಕೈಯೆತ್ತುತ್ತೆ. ದಾರಿ ಚಾರ್ಜ್ ಯೂನಿಟ್‌ಗೆ 20 ರೂಪಾಯಿ ಆಸುಪಾಸು, ಮೇಲೆ 18% ಜಿಎಸ್‌ಟಿ. ಎರಡನೇ ಗನ್ನಿಗೆ ಇನ್ನೊಬ್ಬ ಬಂದ ಅಂದ್ರೆ ಸ್ಪೀಡ್ ಪಾಲು. ಗಾಡಿ ಮಾರಿಬಿಟ್ಟೆ. ಚಿಕ್ಕ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18% ಆಗೈತೆ, ಅದೇ ತಗೊಂಡೆ.

ಎರಿ ಹೊಲ
ಆಡ್-ಆನ್‌ಗೆ ದುಡ್ಡು ಉಳಿಸಿ ಈಗ ಬ್ಯಾಟರಿಗೆ ಬೈದ್ರ ಹೆಂಗ್ರಿ?

ಗಣಿಧೂಳು
ನಿಮ್ಮ ಗದ್ದೆ ರೋಡಲ್ಲಿ ಟಿಪ್ಪರ್ ಓಡಾಡ್ತಾವಾ? ಬಂದು ಒಂದು ವಾರ ಓಡಿಸಿ, ಆಮೇಲೆ ಬುದ್ಧಿ ಹೇಳಿ.

ಶಕ್ತಿನಗರ ಬೂದಿ (ರಾಯಚೂರು)
ನಾರ್ವೆದಾಗ 2024ರಾಗ ಮಾರಿದ ಹೊಸ ಕಾರಿನಾಗ ಹತ್ತಕ್ಕ ಸುಮಾರು ಒಂಬತ್ತು ಇವಿ, ಖರೆ. ಅಲ್ಲಿ ಕರೆಂಟ್ ನೀರಿಂದು. ಇಲ್ಲಿ ಶಕ್ತಿನಗರ 1,720 ಮೆಗಾವ್ಯಾಟ್, ಯರಮರಸ್ 1,600, ಕುಡತಿನಿ 1,700, ಮೂರೂ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡೋವು. ನಿಮ್ಮ ಗಾಡಿ ಹೊಗಿ ನಮ್ಮ ಮಾಳಗಿ ಮ್ಯಾಲೆ ಬೂದಿಯಾಗಿ ಬೀಳ್ತದ.

ಎರಿ ಹೊಲ
ಒಂದು ಲೀಟರ್ ಪೆಟ್ರೋಲ್‌ನಾಗ 9 ಯೂನಿಟ್ ಶಕ್ತಿ ಇರ್ತೈತಿ, ಗಾಲಿಗೆ ಮುಟ್ಟೋದು ಕಾಲುಭಾಗ. ಉಳಿದದ್ದು ರೇಡಿಯೇಟರ್ ಪಾಲು. ಬೂದಿ ಬ್ಯಾಡಂದ್ರ ಮನ್ಯಾಗಿನ ಎಸಿನೂ ಬಂದ್ ಮಾಡ್ರಿ.

ಶಕ್ತಿನಗರ ಬೂದಿ
43 ಡಿಗ್ರಿದಾಗ ಎಸಿ ಬಂದ್ ಮಾಡಂತ ಹೇಳೋ ಪುಣ್ಯಾತ್ಮರು ಗಂಗಾವತಿಯಾಗ ಮಾತ್ರ ಸಿಗ್ತಾರ.

ಕಾರಟಗಿ ರೈಸ್
ಗೃಹಜ್ಯೋತಿ ಬಗ್ಗೆ ಯಾರೂ ಬಾಯಿ ಬಿಡವಲ್ರು. ಮನಿಗೆ 90 ಯೂನಿಟ್, ಕಾರಿಗೆ 272, ಒಟ್ಟು 362. 200 ದಾಟಿದ ತಿಂಗಳು ಪೂರ್ತಿ ಬಿಲ್. ಅಂದ್ರ ಪುಕ್ಕಟೆ ಇದ್ದ 90ಕ್ಕೂ 630 ಹೋತು, ಏರಿಸಿದ ಲೋಡಿನ ಸ್ಥಿರ ಶುಲ್ಕ ಬ್ಯಾರೆ. ಎಲ್‌ಟಿ-6ಸಿ (ಇವಿ ಚಾರ್ಜಿಂಗ್ ದರದ ವರ್ಗ) ಒಳಗ ಇವಿಗೇ ಬ್ಯಾರೆ ಮೀಟರ್ ಕೇಳ್ರಿ, ಮನಿ ಮೀಟರ್ ಮುಟ್ಟಬ್ಯಾಡ್ರಿ. ಪಂಪ್‌ಸೆಟ್ ಲೈನಿಗೆ ಹಚ್ಚೋ ಜಾಣರೂ ಅದಾರ, ಅದು ಕಳವು.

ಎರಿ ಹೊಲ
ನನಗ ಅಂದದ್ದೇನು?

ಕಾರಟಗಿ ರೈಸ್
ಕುಂಬಳಕಾಯಿ ಅಂದ್ರ ಹೆಗಲು ಯಾಕ ಮುಟ್ಕೊಂತೀರಿ?

ಪಂಪ್ ಬಿಚ್ಚಿದವ (ರಾಯಚೂರು)
ಕೇಳಿದವರದು ಹತ್ತು ವರ್ಷದ ಗಾಡಿ, ಅದನ್ನ ಇನ್ನೂ ಓಡಸೋದಾದ್ರ ಇ20 (20% ಎಥನಾಲ್ ಕೂಡಿಸಿದ ಪೆಟ್ರೋಲ್) ಮರೀಬ್ಯಾಡ್ರಿ. ಎಥನಾಲ್‌ನಾಗ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮಿ. 20% ಸೇರಿದ್ರ ಮೈಲೇಜ್ 6% ತನಕ ಇಳೀತದ. ಹಳೇ ರಬ್ಬರ್ ಪೈಪ್, ಓ-ರಿಂಗ್ ಉಬ್ಬಿ ಬಿರೀತಾವ, ಪಂಪಿನ ಜಾಲರಿ ಕಟ್ಕೋತದ. ಮಳೆಗಾಲದಾಗ ಟ್ಯಾಂಕ್ ಅರ್ಧ ಖಾಲಿ ಬಿಟ್ಟು ವಾರಗಟ್ಟಲೆ ನಿಲ್ಲಿಸಬ್ಯಾಡ್ರಿ, ತೇವ ಎಳಕೊಂಡು ನೀರು ತಳಕ್ಕ ಕೂಡ್ತದ. ಪೆಟ್ರೋಲ್ ಬಂಕ್ ಎಂಟು ವರ್ಷಕ್ಕ ಎಲ್ಲೂ ಹೋಗಂಗಿಲ್ಲ. ಟ್ಯಾಂಕಿನಾಗ ಏನು ಬೀಳ್ತದ ಅನ್ನೋದು ಬದಲಾಗ್ತದ.

ಕಿನ್ನಾಳ ಗೊಂಬೆ
ಗೀಸರ್ ಹಚ್ಚಿ ಅಳದೆ. ನ್ಯೂಟ್ರಲ್-ಅರ್ಥ್ 11 ವೋಲ್ಟ್. ನಮ್ಮದು ಮಸಾರಿ (ಕೆಂಪು ಮಣ್ಣಿನ) ನೆಲ.

ಎರಿ ಹೊಲ
ಮಸಾರಿಯಾಗ ನೀರು ನಿಲ್ಲಂಗಿಲ್ಲ. ಎರಡು ಗುಂಡಿ ತೋಡಸ್ರಿ, 10 ಅಡಿ ಅಂತರ ಬಿಟ್ಟು ಜಿಐ ಪಟ್ಟಿಯಿಂದ ಕೂಡಿಸ್ರಿ.

ಕಾರಟಗಿ ರೈಸ್
ಉಪ್ಪು ಹಾಕಿದ್ರ ನಾಲ್ಕೈದು ವರ್ಷಕ್ಕ ಪೈಪ್ ತುಕ್ಕು ತಿಂತೈತಿ. ಬೆಂಟೊನೈಟ್ (ನೀರು ಹಿಡಿಯೋ ಜೇಡಿಮಣ್ಣು) ತುಂಬಸ್ರಿ. ಎರಿ ಹೊಲದೋರು ಈಗ ಇದಕ್ಕೂ ಬರ್ತಾರ ನೋಡ್ರಿ.