ಚಿನ್ನ, ಬೆಳ್ಳಿ ಕಾಯಿನ್ ಮಾರುವ ಸಣ್ಣ ಅಂಗಡಿಗೆ ಜಿಎಸ್‌ಟಿ ಬೇಕಾ?

ಶಹಾಪುರ_ಅಂಗಡಿ:
ಬೆಳಗಾವಿ ಶಹಾಪುರದಲ್ಲಿ ನಮ್ದು ಸಣ್ಣ ಅಂಗಡಿ. ಆಭರಣ ಇಲ್ಲ. ಒಂದೆರಡು ಗ್ರಾಂ ಚಿನ್ನದ ಕಾಯಿನ್, ಲಕ್ಷ್ಮಿ ಪೂಜೆಯ ಬೆಳ್ಳಿ ನಾಣ್ಯ, ಜೊತೆಗೆ ಜನ ಮನೆಯಿಂದ ತರುವ ರಾಣಿ ಛಾಪಿನ (ವಿಕ್ಟೋರಿಯಾ ರಾಣಿಯ ಚಿತ್ರದ) ಹಳೇ ಬೆಳ್ಳಿ ರೂಪಾಯಿ ಕೊಂಡು ಮಾರುತ್ತೇವೆ. ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನಂಬರ್ ಬೇಡ ಅಂತಾರೆ. ನಮ್ಮ ಲಾಭ ಅದರ ಹತ್ತಿರಕ್ಕೂ ಬರಲ್ಲ. ಆದರೆ 2025ರಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂತಲ್ಲ, ಆವತ್ತಿಂದ ಅಪ್ಪ ಕ್ಯೂಆರ್ ಕೋಡ್ ತೆಗೆದು ಬರೀ ಕ್ಯಾಶ್ ಮಾಡೋಣ ಅಂತಿದ್ದಾರೆ. ಗಿರಾಕಿಗಳಲ್ಲಿ ಗಡಿಯಾಚೆ ಮಹಾರಾಷ್ಟ್ರದ ಚಂದಗಡ ಕಡೆಯವರೂ ಜಾಸ್ತಿ. ಏನು ಮಾಡಬೇಕು?

ಲೆಕ್ಕದ_ಪುಸ್ತಕ:
ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಕೊಳ್ಳಿ. 40 ಲಕ್ಷ ಅನ್ನೋದು ಲಾಭ ಅಲ್ಲ, ಮಾರಾಟದ ಪೂರ್ತಿ ಮೊತ್ತ. ಈ ಮಿತಿ ಬಂದದ್ದು 2019ರ ಏಪ್ರಿಲ್‌ನಲ್ಲಿ, ಆಗ ಹತ್ತು ಗ್ರಾಂ ಚಿನ್ನ 32 ಸಾವಿರದ ಆಸುಪಾಸು ಇತ್ತು, ಅಂದ್ರೆ ವರ್ಷಕ್ಕೆ ಒಂದು ಕಿಲೋ ಮಾರಿದರೂ ಮಿತಿಯೊಳಗೇ ಇರುತ್ತಿದ್ದಿರಿ. ಈಗ ಹತ್ತು ಗ್ರಾಂ ಲಕ್ಷ ದಾಟಿದೆ, ತಿಂಗಳಿಗೆ 35 ಗ್ರಾಂ ಹೋದರೆ ಸಾಕು, ಮಿತಿ ಮುಗೀತು. ನಿಮ್ಮ ವ್ಯಾಪಾರ ಬೆಳೆಯದೇ ಇದ್ರೂ ನೀವು ಜಿಎಸ್‌ಟಿ ವ್ಯಾಪ್ತಿಯೊಳಗೆ ಬಂದುಬಿಡ್ತೀರಿ. ಸಣ್ಣ ಸರಾಫರಿಗೆ ಇದು ನಿಜಕ್ಕೂ ಅನ್ಯಾಯ, ಮಿತಿ ಏರಿಸಲೇಬೇಕು. ಆದರೆ ಏರಿಸೋವರೆಗೆ ಇದೇ ನಿಯಮ.

ಕ್ಯಾಶ್ ಮಾತ್ರ ಬೇಡವೇ ಬೇಡ. ವಹಿವಾಟು ಕ್ಯಾಶ್ ಆದ್ರೂ ಲೆಕ್ಕಕ್ಕೆ ಸೇರುತ್ತೆ. ಆದಾಯ ತೆರಿಗೆ ಕಾನೂನಿನ ಪ್ರಕಾರ ಒಬ್ಬ ಗಿರಾಕಿಯಿಂದ ಒಂದು ದಿನಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ತಗೊಂಡರೆ ತಗೊಂಡಷ್ಟೇ ದಂಡ. ಬಿಲ್ ಎರಡಾಗಿ ಒಡೆದರೂ ತಪ್ಪಿಸಿಕೊಳ್ಳೋಕೆ ಆಗಲ್ಲ. ಹಳೇ ರೂಪಾಯಿ ಕೊಳ್ಳುವಾಗ ಒಬ್ಬರಿಗೆ ದಿನಕ್ಕೆ 10 ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ, ಲೆಕ್ಕದ ಪುಸ್ತಕ ಬರೆದು ಲಾಭ ತೋರಿಸುವವರು ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಕಳೆಯೋ ಹಾಗಿಲ್ಲ. ಬ್ಯಾಂಕಿನಿಂದಲೇ ಕೊಡಿ.

ಖಾನಾಪುರ_ರೋಡ್:
ಚಂದಗಡದವರ ವಿಷಯ ಯಾರೂ ಹೇಳಲ್ಲ, ಅದಕ್ಕೇ ಬರೀತಿದ್ದೇನೆ. ಮಹಾರಾಷ್ಟ್ರಕ್ಕೆ, ಗೋವಾಕ್ಕೆ ಮಾಲು ಮಾರಿದರೆ 40 ಲಕ್ಷದ ಮಾತೇ ಇಲ್ಲ, ಮೊದಲ ರೂಪಾಯಿಯಿಂದಲೇ ನಂಬರ್ ಬೇಕು. ಕೌಂಟರ್‌ನಲ್ಲೇ ಕೊಟ್ಟರೆ ಲೋಕಲ್ ಅಲ್ವಾ ಅಂತೀರಿ. ಆದರೆ 2023ರ ಅಕ್ಟೋಬರ್‌ನಿಂದ ನಿಯಮ ಬದಲಾಗಿದೆ: ಜಿಎಸ್‌ಟಿ ಇಲ್ಲದ ಗಿರಾಕಿಯ ಬಿಲ್‌ನಲ್ಲಿ ಯಾವ ವಿಳಾಸ ಬರೆದಿದ್ದೀರೋ ಅಲ್ಲಿಗೇ ಮಾರಿದ ಲೆಕ್ಕ. ಬರೀ ರಾಜ್ಯದ ಹೆಸರು ಬರೆದರೂ ವಿಳಾಸ ಬರೆದಂಗೇ. ವಿಳಾಸ ಇಲ್ಲದಿದ್ದರೆ ನಿಮ್ಮ ಅಂಗಡಿಯ ಜಾಗ. ಮಹಾರಾಷ್ಟ್ರದ ಹುಪರಿಯಿಂದ ಬೆಳ್ಳಿ ಕೊಂಡು ತರೋದಕ್ಕೆ ಈ ತೊಂದರೆ ಇಲ್ಲ, ಮಾರೋದಕ್ಕೆ ಮಾತ್ರ.

ವಿಜಯಪುರ_ಸರಾಫ:
ನಂಬರ್ ತಗೊಂಡ್ರೆ ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆ) ಅಂತ ಸುಮ್ನೆ ಟಿಕ್ ಹಾಕಬೇಡಿ. ಅದರಲ್ಲಿ ಮಾರಾಟದ ಮೇಲೆ 1% ಕೈಯಿಂದ ಕಟ್ಟಬೇಕು, ಗಿರಾಕಿಯಿಂದ ಕೇಳೋ ಹಾಗಿಲ್ಲ, ಕೊಳ್ಳುವಾಗ ಕಟ್ಟಿದ 3% ವಾಪಸ್ ಬರಲ್ಲ, ಹೊರರಾಜ್ಯಕ್ಕೆ ಮಾರೋ ಹಾಗೂ ಇಲ್ಲ. ಹೊಸ ಕಾಯಿನ್‌ನಲ್ಲಿ ನಿಮಗೆ ಅಷ್ಟು ಉಳಿಯೋದೇ ಇಲ್ಲ. ರೆಗ್ಯುಲರ್, ಅಂದ್ರೆ ಮಾಮೂಲಿ ಜಿಎಸ್‌ಟಿ ನೋಂದಣಿಯೇ ಒಳ್ಳೇದು.

ಹಳೇ ರೂಪಾಯಿಗೆ ಖರೀದಿ ವೋಚರ್ ಬರೆಯಿರಿ: ತಂದವರ ಹೆಸರು, ಸಹಿ, ತೂಕ, ನಾಣ್ಯದ ಇಸವಿ. 1939ರವರೆಗಿನ ರೂಪಾಯಿಯಲ್ಲಿ ಸುಮಾರು 92% ಬೆಳ್ಳಿ, 1940ರಿಂದ ಅರ್ಧಕ್ಕೆ ಇಳಿಯಿತು, ತೂಕ ಮಾತ್ರ ಅದೇ 11.66 ಗ್ರಾಂ. ಇಸವಿ ಇಲ್ಲದಿದ್ದರೆ ಸ್ಟಾಕ್ ಬೆಲೆ ಲೆಕ್ಕಕ್ಕೇ ಸಿಗಲ್ಲ. ಇನ್ನೊಂದು, ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಅದನ್ನು ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು. ರಾಣಿ ಛಾಪು ಎಲ್ಲಾ ಅದರೊಳಗೇ ಬರುತ್ತೆ.

ಶಹಾಪುರ_ಅಂಗಡಿ:
ಲೈಸೆನ್ಸ್ ವಿಷಯ ಗೊತ್ತೇ ಇರಲಿಲ್ಲ. ಅದು ಸಿಗೋವರೆಗೆ ಹಳೇ ರೂಪಾಯಿ ಬಂದ್ ಮಾಡ್ತೀವಿ. ಮಿತಿ ದಾಟಿದ ಮೇಲೆ ನಂಬರ್‌ಗೆ ಎಷ್ಟು ಟೈಮ್ ಇರುತ್ತೆ?

ಲೆಕ್ಕದ_ಪುಸ್ತಕ:
ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಇವತ್ತೇ ಏಪ್ರಿಲ್‌ನಿಂದ ಇಲ್ಲಿವರೆಗಿನ ಬಿಲ್, ಯುಪಿಐ, ಕ್ಯಾಶ್ ಮೂರನ್ನೂ ಕೂಡಿಸಿ ನೋಡಿ. ಮೊತ್ತ ಇಲ್ಲೇ ಹಾಕಿ, ಮುಂದೇನು ಅಂತ ಹೇಳ್ತೀನಿ.