ಸೂತ್ರ ಬಾಯಿಪಾಠ, ಲೆಕ್ಕ ಮಾತ್ರ ತಪ್ಪು

ಪ್ರಶ್ನೆ: ಮಗಳು ಹತ್ತನೇ ಕ್ಲಾಸು. ಸಮಾಂತರ ಶ್ರೇಢಿಯಲ್ಲಿ, ಅಂದರೆ ಒಂದೇ ಅಂತರದಲ್ಲಿ ಏರುವ ಅಥವಾ ಇಳಿಯುವ ಸಂಖ್ಯೆಗಳ ಸಾಲಿನಲ್ಲಿ, ಬರೀ ಸಂಖ್ಯೆ ಕೊಟ್ಟರೆ ಪಟಪಟ ಮಾಡುತ್ತಾಳೆ. ಅದನ್ನೇ ನಾಲ್ಕು ಸಾಲಿನ ಕತೆ ಮಾಡಿ ಕೇಳಿದರೆ ಪೆನ್ನು ಕೆಳಗಿಡುತ್ತಾಳೆ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಒಬ್ಬ ತಾಯಿ: ನನ್ನ ಮಗನದೂ ಇದೇ ಗೋಳಾಗಿತ್ತು. ಕೇಳಿರುವುದು ಪದವೋ (ಸಾಲಿನ ಒಂದು ಸಂಖ್ಯೆ) ಮೊತ್ತವೋ (ಅಲ್ಲಿಯವರೆಗಿನ ಎಲ್ಲವೂ ಕೂಡಿ) ಅನ್ನುವುದೇ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅವನ ಹುಂಡಿಯಿಂದಲೇ ಶುರು ಮಾಡಿದೆ. ಮೊದಲ ವಾರ 50 ರೂಪಾಯಿ, ಆಮೇಲೆ ವಾರವಾರ 10 ಜಾಸ್ತಿ. 16ನೇ ವಾರ ಎಷ್ಟು ಹಾಕುತ್ತೀಯ? 200. ಆ ವಾರ ಹುಂಡಿ ಒಡೆದರೆ ಎಷ್ಟಿರುತ್ತದೆ? 2,000. ಮೊದಮೊದಲು 210 ಅನ್ನುತ್ತಿದ್ದ. ಮೊದಲ ವಾರ ಏನೂ ಜಾಸ್ತಿ ಆಗಿಲ್ಲ, ಹಾಗಾಗಿ ಹತ್ತು ಸೇರುವುದು 15 ಸಲ ಮಾತ್ರ ಅಂತ ಬೆರಳಲ್ಲಿ ಎಣಿಸಿದ ಮೇಲೆ ತಲೆಗೆ ಹೋಯಿತು.

ಟ್ಯೂಷನ್ ಹೇಳುವವರು: ಸೂತ್ರ ಮುಟ್ಟುವ ಮುಂಚೆ ಮೊದಲ ಮೂರು ಪದ ಬರೆಸಿ. ನನ್ನ ಮೆಚ್ಚಿನ ಲೆಕ್ಕ ಒಂದಿದೆ. ಬಾವಿಯಿಂದ 10 ಮೀಟರ್ ದೂರದಲ್ಲಿ ಮೊದಲ ಸಸಿ. ಅಲ್ಲಿಂದ ಮುಂದಕ್ಕೆ ಅದೇ ನೇರದಲ್ಲಿ 5 ಮೀಟರ್‌ಗೊಂದು ಸಸಿ, ಒಟ್ಟು 10. ಸಸಿಗೆ ಒಂದೊಂದು ಕೊಡ ನೀರು ಹೊರಬೇಕು. ಎಷ್ಟು ದೂರ ನಡೆಯಬೇಕು? ಎಲ್ಲರೂ 10, 15, 20 ಅಂತ ಬರೆಯುತ್ತಾರೆ. ಖಾಲಿ ಕೊಡ ಹಿಡಿದು ವಾಪಸ್ ಬರಬೇಕು ಅಲ್ವಾ! ಅದು 20, 30, 40. ಒಟ್ಟು 650 ಮೀಟರ್. ಕೊನೆಯ ಸಸಿಯ ಹತ್ತಿರವೇ ಕೂತುಬಿಟ್ಟರೆ 55 ಕಳೆದು 595. ಒಂದು ವರ್ಷ ಮಕ್ಕಳಿಗೆ ಚೊಂಬು ಕೊಟ್ಟು ಅಂಗಳದಲ್ಲೇ ನಡೆಸಿದ್ದೆ. ಆ ಬ್ಯಾಚಿನಲ್ಲಿ ಈ ಲೆಕ್ಕ ಯಾರೂ ತಪ್ಪಲಿಲ್ಲ. ಅಂಗಳವೆಲ್ಲ ಕೆಸರಾಯಿತು, ಅದು ಬೇರೆ ಮಾತು.

ಪಿಯುಸಿ ವಿದ್ಯಾರ್ಥಿ: ನಾನು ಎಡವಿದ್ದು ಎರಡು ಉತ್ತರ ಬರುವ ಲೆಕ್ಕದಲ್ಲಿ. 105 ಪೈಪು ಜೋಡಿಸಬೇಕು. ಕೆಳಗಿನ ಸಾಲಲ್ಲಿ 15, ಮೇಲೆ ಹೋದಂತೆ ಒಂದೊಂದು ಕಡಿಮೆ. ಸಾಲು ಎಷ್ಟು? ವರ್ಗ ಸಮೀಕರಣ ಬಿಡಿಸಿದರೆ 10 ಮತ್ತು 21 ಬರುತ್ತದೆ. ನಾನು ಸುಮ್ನೆ ಎರಡನ್ನೂ ಬರೆದು ಬಂದೆ. 21ನೇ ಸಾಲಿಗೆ ಲೆಕ್ಕ ಹಾಕಿ ನೋಡಿದ್ದರೆ ಮೈನಸ್ 5 ಪೈಪು! ಉತ್ತರ ಬಂದ ಮೇಲೆ ಮತ್ತೆ ಕತೆಯೊಳಗೆ ಇಟ್ಟು ನೋಡಲು ಹೇಳಿ.

ಲೆಕ್ಕಪತ್ರ ಕೆಲಸದವರು: ವರ್ಷಕ್ಕೆ 2,000 ಜಾಸ್ತಿ ಅಂದರೆ ಸಮಾಂತರ ಶ್ರೇಢಿ. ಶೇ. 10 ಜಾಸ್ತಿ ಅಂದರೆ ಅಲ್ಲ. 20,000 ಸಂಬಳ 22,000 ಆಗಿ, ಆಮೇಲೆ 24,200 ಆಗುತ್ತದೆ. ಏರಿಕೆ ಒಂದೇ ಸಮ ಇಲ್ಲ. ನನ್ನ ಮಗಳು ಇದಕ್ಕೂ ಅದೇ ಸೂತ್ರ ಹಾಕಿಬಿಟ್ಟಿದ್ದಳು.